ರೈತನ ಸರಕಿಗೆ ಸ್ವಂತ ಹೆಸರು: ಮಾರಾಟದಲ್ಲಿ ಸಾಮಾಜಿಕ ಜಾಲತಾಣಗಳ ಬಳಕೆ

ಬೆಳೆ ಬೆಳೆಯುವುದರಲ್ಲಿ ನಮ್ಮ ರೈತರು ಯಾರಿಗೂ ಕಡಿಮೆಯಿಲ್ಲ. ಆದರೆ ಬೆಳೆದ ಸರಕಿಗೆ ಬೆಲೆ ಹೇಳುವ ಹೊತ್ತಿಗೆ ಅವರ ಕೈ ಕೆಳಗಾಗುತ್ತದೆ. ಮಂಡಿಗೆ ಹೋದ ಟೊಮೆಟೊ, ಬಾಳೆ, ಮಾವು ಯಾರ ಹೊಲದ್ದೆಂದು ಕೊಳ್ಳುವವನಿಗೆ ಗೊತ್ತಿರುವುದಿಲ್ಲ. ಒಳ್ಳೆಯ ಮಾಲು, ಸಾಧಾರಣ ಮಾಲು ಎಲ್ಲವೂ ಒಂದೇ ರಾಶಿಯಲ್ಲಿ ಬೆರೆತು ಹೋಗುತ್ತವೆ. ಕಷ್ಟಪಟ್ಟು ಗುಣಮಟ್ಟ ಕಾಪಾಡಿದ ರೈತನಿಗೂ, ಕಾಪಾಡದವನಿಗೂ ಹೆಚ್ಚು ಕಡಿಮೆ ಒಂದೇ ಧಾರಣೆ ಸಿಗುತ್ತದೆ. ಇದಕ್ಕೆ ಮುಖ್ಯ ಕಾರಣ ರೈತನ ಸರಕಿಗೆ ಹೆಸರಿಲ್ಲದಿರುವುದು.

ಹೆಸರು ಮಾಡಲು ಹಿಂದೆ ಪತ್ರಿಕೆಯ ಜಾಹೀರಾತು, ಗೋಡೆಯ ಬರಹ, ಅಂಗಡಿಗಳ ಜಾಲ ಇವೆಲ್ಲ ಬೇಕಾಗಿದ್ದವು. ಸಾಮಾನ್ಯ ರೈತನಿಗೆ ಅದು ನಿಲುಕುವ ಮಾತಾಗಿರಲಿಲ್ಲ. ಈಗ ಹಳ್ಳಿಯ ಬಹುಪಾಲು ಮನೆಗಳಲ್ಲಿ ಮೊಬೈಲ್ ಇದೆ. ಅದರಲ್ಲಿರುವ ವಾಟ್ಸಾಪ್, ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಯೂಟ್ಯೂಬ್ ಮೊದಲಾದ ಜಾಲತಾಣಗಳನ್ನು ಕ್ರಮವಾಗಿ ಬಳಸಿದರೆ ರೈತನು ತನ್ನ ಸರಕಿನ ಹೆಸರನ್ನು ನೇರವಾಗಿ ಉಣ್ಣುವವನ ಮನೆಗೆ ಮುಟ್ಟಿಸಬಹುದು. ಕ್ರಮ ತಪ್ಪಿದರೆ ಹಣವೂ ಹೋಗುತ್ತದೆ, ಹೆಸರೂ ಹೋಗುತ್ತದೆ. ಆದ್ದರಿಂದ ಈ ಕೆಲಸವನ್ನು ಬಿತ್ತನೆಯಷ್ಟೇ ಜಾಗರೂಕತೆಯಿಂದ ಮಾಡಬೇಕಾಗುತ್ತದೆ.

ಬಾಳೆಕಾಯಿ ಹುಡಿ ಕಲಿಸಿದ ಪಾಠ

ಜಾಲತಾಣಗಳಿಂದ ಏನಾಗಬಲ್ಲದು ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ಒಂದು ಒಳ್ಳೆಯ ಉದಾಹರಣೆಯಿದೆ. 2021ರಲ್ಲಿ ಕೋವಿಡ್ ಕಾಲದ ನಿರ್ಬಂಧಗಳಿಂದ ಬಾಳೆಯ ಬೆಲೆ ಕುಸಿದಿತ್ತು. ಕೊಯ್ಲಿನ ಕೂಲಿಯೂ ಗಿಟ್ಟದೆ ಗೊನೆಗಳು ತೋಟದಲ್ಲೇ ಉಳಿಯುವ ಸ್ಥಿತಿ ಬಂದಿತ್ತು. ಆಗ ಬಾಳೆಕಾಯಿಯನ್ನು ಒಣಗಿಸಿ ಹುಡಿ ಮಾಡುವ ಸಲಹೆ ಕೃಷಿಕರ ವಾಟ್ಸಾಪ್ ಗುಂಪಿನಲ್ಲಿ ಹರಡಿತು. ‘ಅಡಿಕೆ ಪತ್ರಿಕೆ’ಯ ಶ್ರೀ ಪಡ್ರೆಯವರು ಇದಕ್ಕೆ ಬೆಂಬಲವಾಗಿ ನಿಂತರು. ‘ಬಾಳೆಕಾಯಿ ಹುಡಿ’ ಎಂಬ ಮಾತಿನ ಮೊದಲ ಅಕ್ಷರಗಳನ್ನು ಕೂಡಿಸಿ ‘ಬಾಕಾಹು’ ಎಂಬ ಚಿಕ್ಕ ಹೆಸರು ಹುಟ್ಟಿತು.

ದಕ್ಷಿಣ ಕನ್ನಡ ಮತ್ತು ಉತ್ತರ ಕನ್ನಡ ಜಿಲ್ಲೆಗಳ ಗೃಹಿಣಿಯರು ಈ ಹುಡಿಯಿಂದ ದೋಸೆ, ಗುಲಾಬ್ ಜಾಮೂನು ಮೊದಲಾದವುಗಳನ್ನು ಮಾಡಿ ಅವುಗಳ ಚಿತ್ರಗಳನ್ನು ಜಾಲತಾಣಗಳಲ್ಲಿ ಹಂಚಿಕೊಂಡರು. ಚಿತ್ರ ಕಂಡವರು ಹುಡಿ ಎಲ್ಲಿ ಸಿಗುತ್ತದೆಂದು ಕೇಳತೊಡಗಿದರು. 2021ರ ಜುಲೈ 25ರಂದು ಪ್ರಸಾರವಾದ ‘ಮನ್ ಕೀ ಬಾತ್’ ಆಕಾಶವಾಣಿ ಕಾರ್ಯಕ್ರಮದಲ್ಲಿ ಪ್ರಧಾನಿಯವರು ಈ ಮಹಿಳೆಯರ ಕೆಲಸವನ್ನು ಪ್ರಸ್ತಾಪಿಸಿದರು.

ಇಲ್ಲಿ ಗಮನಿಸಬೇಕಾದ ಅಂಶಗಳು ಮೂರು. ಮೊದಲನೆಯದು, ಹೆಸರು ಚಿಕ್ಕದಾಗಿತ್ತು, ಬಾಯಲ್ಲಿ ನಿಲ್ಲುವಂಥದಾಗಿತ್ತು. ಎರಡನೆಯದು, ‘ನಮ್ಮ ಹುಡಿ ಕೊಳ್ಳಿರಿ’ ಎಂದು ಯಾರೂ ಕೂಗಲಿಲ್ಲ; ಹುಡಿಯಿಂದ ಏನು ಮಾಡಬಹುದೆಂದು ತೋರಿಸಿದರು. ಮೂರನೆಯದು, ನೋಡಿದವರು ಸುಮ್ಮನೆ ನೋಡುವವರಾಗಿ ಉಳಿಯಲಿಲ್ಲ. ತಾವೂ ಮಾಡಿ, ತಮ್ಮ ಚಿತ್ರ ಹಾಕಿ, ತಾವೇ ಪ್ರಚಾರಕರಾದರು. ಜಾಲತಾಣದ ಮಾರಾಟದ ತಿರುಳೆಲ್ಲ ಈ ಮೂರು ಮಾತಿನಲ್ಲಿದೆ.

ಹೆಸರು ಎಂದರೇನು?

ವ್ಯಾಪಾರದ ಭಾಷೆಯಲ್ಲಿ ‘ಬ್ರ್ಯಾಂಡ್’ ಎನ್ನುವುದು ಕೇವಲ ಚೀಟಿಯ ಮೇಲಿನ ಬಣ್ಣದ ಚಿತ್ರವಲ್ಲ. ಹಿಂದಿನ ಸಲ ಕೊಂಡಾಗ ಹೇಗಿತ್ತೋ ಈ ಸಲವೂ ಹಾಗೆಯೇ ಇರುತ್ತದೆ ಎಂಬ ಗಿರಾಕಿಯ ನಂಬಿಕೆಯೇ ಬ್ರ್ಯಾಂಡ್. ಬ್ಯಾಡಗಿ ಮೆಣಸಿನಕಾಯಿ ಎಂದೊಡನೆ ಗಾಢ ಕೆಂಪು ಬಣ್ಣ, ಕಡಿಮೆ ಖಾರ ನೆನಪಿಗೆ ಬರುತ್ತವೆ. ‘ನಂದಿನಿ’ ಹಾಲಿನ ಹೆಸರಿನ ಹಿಂದೆ ಸಾವಿರಾರು ಹಳ್ಳಿಗಳ ಸಂಘಗಳಲ್ಲಿ ದಿನವೂ ನಡೆಯುವ ಹಾಲಿನ ಪರೀಕ್ಷೆ ಇದೆ. ಪರೀಕ್ಷೆ ನಿಂತರೆ ಹೆಸರು ಉಳಿಯದು.

ಆದ್ದರಿಂದ ಹೆಸರಿಡುವ ಮೊದಲು ರೈತನು ಮೂರು ವಿಷಯಗಳನ್ನು ತನ್ನಷ್ಟಕ್ಕೆ ಖಚಿತ ಮಾಡಿಕೊಳ್ಳಬೇಕು: ಯಾವ ಗುಣಕ್ಕಾಗಿ ಜನ ತನ್ನ ಸರಕನ್ನು ಕೊಳ್ಳಬೇಕು, ಆ ಗುಣವನ್ನು ಪ್ರತಿ ಸಲವೂ ಕೊಡಲು ತನಗೆ ಸಾಧ್ಯವೇ, ವರ್ಷದಲ್ಲಿ ಎಷ್ಟು ದಿನ ಎಷ್ಟು ಪ್ರಮಾಣ ಒದಗಿಸಬಲ್ಲ. ಈ ಮೂರಕ್ಕೂ ಉತ್ತರ ಸಿಕ್ಕ ನಂತರವೇ ಮೊಬೈಲ್ ಕೈಗೆ ತೆಗೆದುಕೊಳ್ಳುವುದು ಮೇಲು.

ಹೆಸರನ್ನು ಬೇರೆಯವರು ಕದಿಯದಂತೆ ‘ಟ್ರೇಡ್ ಮಾರ್ಕ್ಸ್ ಕಾಯಿದೆ, 1999’ರ ಅಡಿಯಲ್ಲಿ ನೋಂದಾಯಿಸಬಹುದು. ನೋಂದಣಿ 10 ವರ್ಷ ಊರ್ಜಿತದಲ್ಲಿರುತ್ತದೆ, ನಂತರ ನವೀಕರಿಸಬಹುದು. ನೋಂದಣಿಯಾಗದ ಹೆಸರನ್ನು ‘ನೋಂದಾಯಿತ’ ಎಂದು ಹಾಕಿಕೊಳ್ಳುವುದು ಕಾನೂನಿಗೆ ವಿರುದ್ಧ. ಬ್ಯಾಡಗಿ ಮೆಣಸಿನಕಾಯಿ, ಕೊಡಗಿನ ಕಿತ್ತಳೆ, ನಂಜನಗೂಡು ರಸಬಾಳೆ, ಮಟ್ಟುಗುಳ್ಳ ಮೊದಲಾದವುಗಳಿಗೆ ಭೌಗೋಳಿಕ ಗುರುತಿನ ರಕ್ಷಣೆ ದೊರೆತಿದೆ. ಅಂಥ ಬೆಳೆ ಬೆಳೆಯುವವರು ಅಧಿಕೃತ ಬಳಕೆದಾರರಾಗಿ ಹೆಸರು ನೋಂದಾಯಿಸಿಕೊಂಡರೆ ಆ ಗುರುತು ಅವರ ಸ್ವಂತ ಹೆಸರಿಗೂ ಬಲ ಕೊಡುತ್ತದೆ.

ಯಾವ ಜಾಲತಾಣ ಯಾವ ಕೆಲಸಕ್ಕೆ?

ಎಲ್ಲ ಮಣ್ಣಿಗೂ ಒಂದೇ ನೇಗಿಲು ಹೊಂದುವುದಿಲ್ಲ. ಜಾಲತಾಣಗಳೂ ಹಾಗೆಯೇ.

ವಾಟ್ಸಾಪ್: ಪರಿಚಿತ ಗಿರಾಕಿಗಳೊಡನೆ ವ್ಯವಹರಿಸಲು ಇದು ಅತ್ಯುತ್ತಮ. 2018ರಲ್ಲಿ ಬಂದ ‘ವಾಟ್ಸಾಪ್ ಬಿಸಿನೆಸ್’ ಉಚಿತವಾಗಿ ದೊರೆಯುತ್ತದೆ. ಅದರಲ್ಲಿ ಸರಕುಗಳ ಚಿತ್ರ, ಬೆಲೆ ಇರುವ ಪಟ್ಟಿಯನ್ನು ಇಡಬಹುದು. ಪದೇ ಪದೇ ಕೇಳುವ ಪ್ರಶ್ನೆಗಳಿಗೆ ಉತ್ತರ ಸಿದ್ಧವಾಗಿಡಬಹುದು. ಹಣ ಬಂದವರು, ಬರಬೇಕಾದವರು ಎಂದು ಗಿರಾಕಿಗಳನ್ನು ವಿಂಗಡಿಸಬಹುದು. ಎಲ್ಲರನ್ನೂ ಒಂದೇ ಗುಂಪಿಗೆ ಸೇರಿಸಿದರೆ ಒಬ್ಬರ ಫೋನ್ ಸಂಖ್ಯೆ ಇನ್ನೊಬ್ಬರಿಗೆ ಕಾಣುತ್ತದೆ, ಬೇಡದ ಮಾತುಗಳೂ ಸೇರುತ್ತವೆ. ಅದಕ್ಕೆ ಬದಲಾಗಿ ‘ಬ್ರಾಡ್‌ಕಾಸ್ಟ್’ ಪಟ್ಟಿ ಬಳಸಿದರೆ ಪ್ರತಿಯೊಬ್ಬರಿಗೂ ಪ್ರತ್ಯೇಕವಾಗಿ ಸಂದೇಶ ಹೋಗುತ್ತದೆ. ಆದರೆ ರೈತನ ಸಂಖ್ಯೆಯನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ. ಆದ್ದರಿಂದ ಮೊದಲ ಸಲ ಕೊಂಡಾಗಲೇ ‘ಈ ಸಂಖ್ಯೆ ಉಳಿಸಿಕೊಳ್ಳಿರಿ’ ಎಂದು ಗಿರಾಕಿಗೆ ತಿಳಿಸಬೇಕು.

ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಂ: ಹೊಸ ಗಿರಾಕಿಗಳ ಕಣ್ಣಿಗೆ ಬೀಳಲು ಇವು ಉಪಯುಕ್ತ. ಇನ್‌ಸ್ಟಾಗ್ರಾಂನಲ್ಲಿ ನಗರದ ಯುವಜನರು ಹೆಚ್ಚಾಗಿ ಸಿಗುತ್ತಾರೆ. ಅರ್ಧ ನಿಮಿಷದ ಚಿಕ್ಕ ಚಿತ್ರ ಸಾಕು.

ಯೂಟ್ಯೂಬ್: ವಿವರವಾಗಿ ತಿಳಿಸಬೇಕಾದ ವಿಷಯಗಳಿಗೆ ಇದು ಸೂಕ್ತ. ಇಂದು ಹಾಕಿದ ಚಿತ್ರ ಎರಡು ವರ್ಷದ ನಂತರವೂ ಹುಡುಕುವವರಿಗೆ ಸಿಗುತ್ತದೆ. ಗಾಣದ ಬೆಲ್ಲ ತಯಾರಿಕೆ, ಹಣ್ಣು ಮಾಗಿಸುವ ಕ್ರಮ ಇಂಥವನ್ನು ಇಲ್ಲಿ ತೋರಿಸಬಹುದು.

ಆರಂಭದಲ್ಲಿ ವಾಟ್ಸಾಪ್ ಮತ್ತು ಇನ್ನೊಂದು ಜಾಲತಾಣ, ಹೀಗೆ ಎರಡನ್ನು ಮಾತ್ರ ಆರಿಸಿಕೊಳ್ಳುವುದು ಒಳ್ಳೆಯದು. ನಾಲ್ಕನ್ನೂ ಹಿಡಿದು ಯಾವುದನ್ನೂ ನಡೆಸಲಾಗದೆ ಬಿಟ್ಟವರೇ ಹೆಚ್ಚು.

ಏನನ್ನು ತೋರಿಸಬೇಕು?

ಕೊಯ್ಲಿನ ದಿನ ಮಾತ್ರ ‘ಮಾವು ಇದೆ, ಬೇಕಾದವರು ಕರೆ ಮಾಡಿ’ ಎಂದರೆ ಫಲ ಕಡಿಮೆ. ಬೆಳೆಯ ಜೊತೆಯಲ್ಲೇ ಪ್ರಚಾರವೂ ಬೆಳೆಯಬೇಕು. ಮಾವನ್ನೇ ತೆಗೆದುಕೊಂಡರೆ, ಹೂ ಬಿಟ್ಟಾಗ ಒಂದು ಚಿತ್ರ. ಮಿಡಿ ಕಟ್ಟಿದಾಗ ಇನ್ನೊಂದು. ಔಷಧಿ ಸಿಂಪಡಿಸಿದ್ದರೆ ಯಾವ ದಿನಾಂಕ, ಯಾವ ಔಷಧಿ, ಕೊಯ್ಲಿಗೆ ಎಷ್ಟು ದಿನ ಮುಂಚೆ ಎಂಬ ವಿವರ. ಕಾಯಿ ಬಲಿತಾಗ ಅದನ್ನು ಗುರುತಿಸುವ ಬಗೆ. ಹುಲ್ಲಿನಲ್ಲಿ ಹಣ್ಣಿಗೆ ಹಾಕುವ ಕ್ರಮ. ಕೊನೆಗೆ ಬುಕಿಂಗ್ ಆರಂಭವಾಗುವ ದಿನ ಮತ್ತು ಬೆಲೆ. ಹೀಗೆ ನಾಲ್ಕು ತಿಂಗಳು ಜೊತೆಯಲ್ಲಿ ಬಂದ ಗಿರಾಕಿ ಹಣ್ಣಿಗಾಗಿ ಕಾಯುತ್ತಾನೆ.

ಮಾವು ಕೊಳ್ಳುವ ನಗರವಾಸಿಯ ದೊಡ್ಡ ಅನುಮಾನ ಕಾರ್ಬೈಡ್ ಬಗ್ಗೆ. ಕ್ಯಾಲ್ಸಿಯಂ ಕಾರ್ಬೈಡ್‌ನಿಂದ ಹಣ್ಣು ಮಾಗಿಸುವುದನ್ನು ಕಾನೂನು ನಿಷೇಧಿಸಿದೆ; ಎಥಿಲೀನ್ ಅನಿಲವನ್ನು ನಿಗದಿತ ಮಿತಿಯಲ್ಲಿ ಬಳಸಲು ಅನುಮತಿ ಇದೆ. ತಾನು ಯಾವ ಕ್ರಮ ಅನುಸರಿಸಿದ್ದೇನೆಂದು ರೈತನು ಚಿತ್ರಸಹಿತ ತೋರಿಸಿದರೆ ನೂರು ಮಾತಿನ ಜಾಹೀರಾತಿಗಿಂತ ಅದು ಮೇಲು.

ಚಿತ್ರ ತೆಗೆಯಲು ದುಬಾರಿ ಕ್ಯಾಮೆರಾ ಬೇಕಿಲ್ಲ. ಬೆಳಗಿನ ಅಥವಾ ಸಂಜೆಯ ಇಳಿಬಿಸಿಲಿನಲ್ಲಿ, ಸೂರ್ಯನಿಗೆ ಬೆನ್ನು ಮಾಡಿ, ಸರಕನ್ನು ಶುಭ್ರವಾದ ಮೊರ ಅಥವಾ ಬಟ್ಟೆಯ ಮೇಲಿಟ್ಟು ತೆಗೆದರೆ ಸಾಕು. ಬೇರೆಯವರ ತೋಟದ ಚಿತ್ರವನ್ನು ತನ್ನದೆಂದು ಹಾಕುವುದು, ಬಣ್ಣ ತುಂಬಿ ಹೊಳೆಯುವಂತೆ ಮಾಡುವುದು ಸಲ್ಲದು. ಪೆಟ್ಟಿಗೆ ಬಿಚ್ಚಿದ ದಿನ ಗಿರಾಕಿ ಚಿತ್ರವನ್ನೂ ಹಣ್ಣನ್ನೂ ಒಟ್ಟಿಗಿಟ್ಟು ನೋಡುತ್ತಾನೆ.

ಗಿರಾಕಿಯೊಡನೆ ಮಾತುಕತೆ

ರೇಡಿಯೋ ಮತ್ತು ಪತ್ರಿಕೆಗಳಲ್ಲಿ ಹೇಳುವವರು ಒಬ್ಬರು, ಕೇಳುವವರು ಅನೇಕರು. ಜಾಲತಾಣದಲ್ಲಿ ಕೇಳುವವರೂ ಮಾತನಾಡುತ್ತಾರೆ. ಈ ವ್ಯತ್ಯಾಸವನ್ನು ಅರಿಯದವರು ದಿನಕ್ಕೆ ಹತ್ತು ಸಂದೇಶ ಕಳುಹಿಸಿ, ಬಂದ ಒಂದು ಪ್ರಶ್ನೆಗೂ ಉತ್ತರ ಕೊಡದೆ, ಗಿರಾಕಿಗಳನ್ನು ಕಳೆದುಕೊಳ್ಳುತ್ತಾರೆ. ವಾರಕ್ಕೆ ಎರಡು ಸಂದೇಶ ಸಾಕು. ಬಂದ ಪ್ರಶ್ನೆಗೆ ಅದೇ ದಿನ ಉತ್ತರ ಹೋಗಬೇಕು. ಹೊಲದ ಕೆಲಸದ ನಡುವೆ ಇದು ಕಷ್ಟವಾದ್ದರಿಂದ ರಾತ್ರಿ ಊಟಕ್ಕೆ ಮುಂಚೆ ಅರ್ಧ ಗಂಟೆ ಇದಕ್ಕೆಂದೇ ಮೀಸಲಿಡಬಹುದು. ಮನೆಯಲ್ಲಿ ಓದಿದ ಮಗಳೋ ಸೊಸೆಯೋ ಇದ್ದರೆ ಈ ಹೊಣೆಯನ್ನು ಅವರಿಗೆ ವಹಿಸಬಹುದು.

ಗಿರಾಕಿಗಳ ಪ್ರಶ್ನೆಗಳು ಪುಕ್ಕಟೆ ಸಿಗುವ ಮಾರುಕಟ್ಟೆ ಸಮೀಕ್ಷೆ ಇದ್ದಂತೆ. ‘ಅರ್ಧ ಕಿಲೋ ಪೊಟ್ಟಣ ಸಿಗುತ್ತದೆಯೇ?’ ಎಂದು ಹತ್ತು ಮಂದಿ ಕೇಳಿದರೆ ಒಂದು ಕಿಲೋ ಪೊಟ್ಟಣ ಅವರಿಗೆ ದೊಡ್ಡದಾಯಿತೆಂದು ಅರ್ಥ. ‘ಇದನ್ನು ಹೇಗೆ ಬಳಸುವುದು?’ ಎಂದು ಕೇಳಿದರೆ ಪೊಟ್ಟಣದ ಜೊತೆಗೆ ಅಡುಗೆಯ ಚೀಟಿ ಇಡಬೇಕೆಂದು ಅರ್ಥ.

ದೂರು ಬಂದಾಗ ನಡೆದುಕೊಳ್ಳುವ ರೀತಿಯಲ್ಲೇ ರೈತನ ಹೆಸರು ನಿಲ್ಲುವುದೋ ಬೀಳುವುದೋ ನಿರ್ಧಾರವಾಗುತ್ತದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆ ಇಲ್ಲಿ ನಿಜವಾಗುತ್ತದೆ. ಹಣ್ಣು ಕೊಳೆತು ಬಂದಿದೆ ಎಂದವರೊಡನೆ ಎಲ್ಲರೆದುರು ವಾದಕ್ಕಿಳಿಯಬಾರದು. ಚಿತ್ರ ಕಳುಹಿಸಲು ಕೇಳಿ, ತಪ್ಪು ಕಂಡುಬಂದರೆ ಹಣ ಹಿಂದಿರುಗಿಸಬೇಕು ಅಥವಾ ಬದಲಿ ಕಳುಹಿಸಬೇಕು. ಈ ನಿಯಮವನ್ನು ಮೊದಲೇ ಬರೆದು ತಿಳಿಸಿದ್ದರೆ ಜಗಳಕ್ಕೆ ಆಸ್ಪದವಿರುವುದಿಲ್ಲ. ದೂರನ್ನು ಅಳಿಸಿ ಹಾಕುವುದರಿಂದ ಅನುಮಾನ ಬೆಳೆಯುತ್ತದೆಯೇ ಹೊರತು ಸಮಸ್ಯೆ ತೀರುವುದಿಲ್ಲ.

ಲೆಕ್ಕ ಹಾಕಿ ಇಳಿಯಿರಿ

ಚಿತ್ರಕ್ಕೆ ಸಾವಿರ ಮಂದಿ ಮೆಚ್ಚುಗೆ ಒತ್ತಿದರೆ ಹೊಟ್ಟೆ ತುಂಬುವುದಿಲ್ಲ. ಕೈಗೆ ಉಳಿಯುವ ಹಣವೇ ಕೊನೆಯ ಮಾತು. ಬಾಳೆಕಾಯಿ ಹುಡಿಯ ಲೆಕ್ಕವನ್ನು ಮಾದರಿಗಾಗಿ ನೋಡಬಹುದು. ಕೆಳಗಿನ ದರಗಳು ಲೆಕ್ಕದ ರೀತಿ ತಿಳಿಸಲು ಇಟ್ಟುಕೊಂಡವು. ಪ್ರತಿಯೊಬ್ಬರೂ ತಮ್ಮ ಊರಿನ ದರ ಹಾಕಿಕೊಳ್ಳಬೇಕು.

ಸಿಪ್ಪೆ ತೆಗೆದು ಒಣಗಿಸಿದರೆ ಸುಮಾರು 5 ಕಿಲೋ ಬಾಳೆಕಾಯಿಗೆ 1 ಕಿಲೋ ಹುಡಿ ಬರುತ್ತದೆ. ಹಾಗಾದರೆ 100 ಕಿಲೋ ಕಾಯಿಗೆ 20 ಕಿಲೋ ಹುಡಿ. ಕಾಯಿಯ ಬೆಲೆ ಕಿಲೋಗೆ 8 ರೂ. ಎಂದರೆ 800 ರೂ.; ಸುಲಿದು ಹೆಚ್ಚಿ ಒಣಗಿಸಲು ಇಬ್ಬರ ಕೂಲಿ 1,000 ರೂ.; ಡ್ರೈಯರಿನ ಸೌದೆ ಅಥವಾ ವಿದ್ಯುತ್ 300 ರೂ.; ಬೀಸುವುದು ಮತ್ತು ಪೊಟ್ಟಣ ಕಿಲೋಗೆ 25 ರೂ.ನಂತೆ 500 ರೂ. ಒಟ್ಟು ಖರ್ಚು 2,600 ರೂ. ಕಿಲೋಗೆ 200 ರೂ.ನಂತೆ ಮಾರಿದರೆ 4,000 ರೂ. ಬರುತ್ತದೆ. ಹಾಳಾದದ್ದು, ಹಿಂದಿರುಗಿದ್ದು ಎಂದು ನೂರಕ್ಕೆ ಐದರಂತೆ 200 ರೂ. ಕಳೆದರೆ ಉಳಿಯುವುದು 1,200 ರೂ.

ಆದರೆ ಅಂಚೆ ಅಥವಾ ಕೊರಿಯರ್ ಖರ್ಚನ್ನು ರೈತನೇ ಹೊತ್ತು, ಅದು ಕಿಲೋಗೆ 50 ರೂ. ಆದರೆ 1,000 ರೂ. ಅಲ್ಲೇ ಹೋಗುತ್ತದೆ. ಉಳಿಯುವುದು ಕೇವಲ 200 ರೂ. ಲಾಭವನ್ನು ನಿರ್ಧರಿಸುವುದು ಹುಡಿಯ ಬೆಲೆಗಿಂತ ಹೆಚ್ಚಾಗಿ ಸಾಗಣೆಯ ಖರ್ಚು ಎಂಬುದು ಇದರಿಂದ ಸ್ಪಷ್ಟ. ಒಂದೊಂದೇ ಕಿಲೋ ಹತ್ತು ಊರಿಗೆ ಕಳುಹಿಸುವ ಬದಲು, ನಗರದ ಒಂದೇ ವಸತಿ ಸಮುಚ್ಚಯದ ಇಪ್ಪತ್ತು ಮನೆಗಳ ಬೇಡಿಕೆಯನ್ನು ಒಟ್ಟುಗೂಡಿಸಿ ಒಂದೇ ಸಲಕ್ಕೆ ಕಳುಹಿಸಿದರೆ ಖರ್ಚು ಬಹಳ ಇಳಿಯುತ್ತದೆ. ಮೆಕ್ಕೆಜೋಳ, ಹತ್ತಿಯಂಥ ಸಗಟು ಸರಕುಗಳಿಗೆ ಈ ಮಾರ್ಗ ಹೊಂದುವುದಿಲ್ಲ. ಬೆಲ್ಲ, ಜೇನು, ಸಿರಿಧಾನ್ಯ, ಬೇಳೆ, ಸಾಂಬಾರ ಪದಾರ್ಥ, ಒಳ್ಳೆಯ ಜಾತಿಯ ಹಣ್ಣು ಮುಂತಾದ, ನೇರವಾಗಿ ಮನೆಗೆ ಹೋಗುವ ಸರಕುಗಳಿಗೆ ಹೊಂದುತ್ತದೆ.

ಕಾನೂನಿನ ಎಚ್ಚರ

ಹೊಲದಲ್ಲಿ ಬೆಳೆದ ಫಸಲನ್ನು ಹಾಗೆಯೇ ಮಾರುವ ರೈತನಿಗೆ ‘ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆ, 2006’ ಅನ್ವಯಿಸುವುದಿಲ್ಲ. ಆದರೆ ಹುಡಿ, ಉಪ್ಪಿನಕಾಯಿ, ಹಪ್ಪಳ, ಚಿಪ್ಸ್ ಹೀಗೆ ಸಂಸ್ಕರಿಸಿ ಮಾರುವವರು ನೋಂದಣಿ ಅಥವಾ ಪರವಾನಗಿ ಪಡೆಯಲೇಬೇಕು. ದೊರೆತ 14 ಅಂಕಿಗಳ ಸಂಖ್ಯೆಯನ್ನು ಪೊಟ್ಟಣದ ಮೇಲೆ ಮುದ್ರಿಸಬೇಕು. ಅದರೊಡನೆ ಸರಕಿನ ಹೆಸರು, ಬಳಸಿದ ಪದಾರ್ಥಗಳು, ನಿವ್ವಳ ತೂಕ, ತಯಾರಿಸಿದ ಮತ್ತು ಬಳಸಬೇಕಾದ ಅವಧಿ, ಗರಿಷ್ಠ ಮಾರಾಟ ಬೆಲೆ, ತಯಾರಕರ ವಿಳಾಸ, ಸಸ್ಯಾಹಾರದ ಹಸಿರು ಚಿಹ್ನೆ ಇವೂ ಇರಬೇಕು.

‘ಸಾವಯವ’ ಎಂಬ ಪದವನ್ನು ಮನಬಂದಂತೆ ಬಳಸಬಾರದು. 2017ರ ನಿಯಮಗಳ ಪ್ರಕಾರ ಇದಕ್ಕೆ ಪ್ರಮಾಣಪತ್ರ ಬೇಕು. ಸಣ್ಣ ಉತ್ಪಾದಕನು ನೇರವಾಗಿ ಬಳಕೆದಾರನಿಗೆ ಮಾರುವಾಗ ವಿನಾಯಿತಿ ಉಂಟು. ಆದರೂ ಪ್ರಮಾಣಪತ್ರವಿಲ್ಲದೆ ‘ಜೈವಿಕ್ ಭಾರತ್’ ಚಿಹ್ನೆ ಹಾಕುವಂತಿಲ್ಲ.

ಇದಕ್ಕಿಂತ ಅಪಾಯಕಾರಿಯಾದುದು ರೋಗ ವಾಸಿ ಮಾಡುವ ಭರವಸೆ. ನವಣೆ ತಿಂದರೆ ಸಕ್ಕರೆ ಕಾಯಿಲೆ ಗುಣವಾಗುತ್ತದೆ ಎಂಬಂಥ ಸಂದೇಶಗಳು ಹರಿದಾಡುತ್ತಿರುತ್ತವೆ. ಇಂಥದನ್ನು ನಂಬಿ ಔಷಧಿ ಬಿಟ್ಟವನ ಜೀವಕ್ಕೇ ಅಪಾಯ. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯಿದೆ ಸಕ್ಕರೆ ಕಾಯಿಲೆಯೂ ಸೇರಿದಂತೆ ಹಲವು ರೋಗಗಳಿಗೆ ಇಂಥ ಜಾಹೀರಾತನ್ನು ನಿಷೇಧಿಸಿದೆ. ತಪ್ಪು ದಾರಿಗೆಳೆಯುವ ಆಹಾರದ ಜಾಹೀರಾತಿಗೆ 2006ರ ಕಾಯಿದೆಯಡಿ 10 ಲಕ್ಷ ರೂ.ವರೆಗೂ ದಂಡ ವಿಧಿಸಬಹುದು. ನವಣೆಯಲ್ಲಿ ನಾರಿನ ಅಂಶವಿದೆ ಎನ್ನುವುದು ಸತ್ಯ, ಅಷ್ಟಕ್ಕೇ ನಿಲ್ಲಬೇಕು.

ಮೋಸ ಮತ್ತು ಇತರ ಅಪಾಯಗಳು

ದೊಡ್ಡ ಗಿರಾಕಿಯಂತೆ ನಟಿಸಿ, ಮುಂಗಡ ಕಳುಹಿಸುತ್ತೇನೆಂದು ಹೇಳಿ, ಕ್ಯೂಆರ್ ಚಿತ್ರವನ್ನು ಸ್ಕ್ಯಾನ್ ಮಾಡಿಸಿ ಖಾತೆಯನ್ನೇ ಬರಿದು ಮಾಡುವವರಿದ್ದಾರೆ. ಹಣ ಪಡೆಯಲು ಯುಪಿಐ ಗುಪ್ತ ಸಂಖ್ಯೆಯನ್ನು ಎಂದಿಗೂ ಒತ್ತಬೇಕಾಗಿಲ್ಲ. ಅದು ಹಣ ಕೊಡುವಾಗ ಮಾತ್ರ. ಈ ಒಂದು ಮಾತನ್ನು ಮನೆಯವರೆಲ್ಲರೂ ನೆನಪಿಡಬೇಕು. ಹಣ ಬಂದಿದೆಯೆಂದು ಗಿರಾಕಿ ಕಳುಹಿಸಿದ ಚಿತ್ರವನ್ನು ನಂಬದೆ, ಖಾತೆಗೆ ಜಮೆಯಾದುದನ್ನು ನೋಡಿಯೇ ಸರಕು ಕಳುಹಿಸಬೇಕು. ಮೋಸ ಹೋದಲ್ಲಿ ತಡಮಾಡದೆ 1930 ಸಂಖ್ಯೆಗೆ ಕರೆ ಮಾಡಿ ದೂರು ಕೊಡಬೇಕು.

ಇನ್ನೊಂದು ಅಪಾಯವಿದೆ. ಜಾಲತಾಣ ರೈತನ ಸ್ವಂತ ಜಮೀನಲ್ಲ, ಗೇಣಿಗೆ ಸಿಕ್ಕ ಜಾಗವಿದ್ದಂತೆ. 2020ರ ಜೂನ್ 29ರಂದು ಕೇಂದ್ರ ಸರ್ಕಾರ ಟಿಕ್‌ಟಾಕ್ ಸೇರಿದಂತೆ 59 ಆ್ಯಪ್‌ಗಳನ್ನು ನಿಷೇಧಿಸಿದಾಗ, ಅಲ್ಲಿ ಲಕ್ಷಾಂತರ ನೋಡುಗರನ್ನು ಗಳಿಸಿದ್ದವರು ಅಷ್ಟನ್ನೂ ಕಳೆದುಕೊಂಡರು. ಆದ್ದರಿಂದ ಗಿರಾಕಿಗಳ ಹೆಸರು, ಊರು, ಫೋನ್ ಸಂಖ್ಯೆ, ಕೊಂಡ ಸರಕಿನ ವಿವರವನ್ನು ಒಂದು ಪುಸ್ತಕದಲ್ಲಿ ಬರೆದಿಡಬೇಕು. ಆ ಪುಸ್ತಕವೇ ರೈತನ ನಿಜವಾದ ಆಸ್ತಿ. ಅದನ್ನು ಇತರರಿಗೆ ಕೊಡುವುದಾಗಲೀ ಮಾರುವುದಾಗಲೀ ಕೂಡದು.

ಕೂಡಿ ಮಾಡಿದರೆ ಸುಲಭ

ಒಬ್ಬನೇ ರೈತ ವರ್ಷವಿಡೀ ಸರಕು ಒದಗಿಸುವುದು ಕಷ್ಟ. ಹತ್ತಿಪ್ಪತ್ತು ಮಂದಿ ಸೇರಿ, ಅಥವಾ ರೈತ ಉತ್ಪಾದಕ ಸಂಸ್ಥೆಯ ಮೂಲಕ, ಒಂದೇ ಹೆಸರಿನಲ್ಲಿ ಮಾರಿದರೆ ನೋಂದಣಿ, ಪೊಟ್ಟಣ, ಸಾಗಣೆ ಎಲ್ಲದರ ಖರ್ಚೂ ಹಂಚಿಹೋಗುತ್ತದೆ. ಆದರೆ ಒಬ್ಬನ ಕಳಪೆ ಸರಕು ಎಲ್ಲರ ಹೆಸರನ್ನೂ ಕೆಡಿಸುತ್ತದೆ. ಆದುದರಿಂದ ಸರಕನ್ನು ಪರೀಕ್ಷಿಸಿ ಬೇಡವೆನ್ನುವ ಅಧಿಕಾರವನ್ನು ಮೊದಲ ದಿನವೇ ಇಬ್ಬರಿಗೆ ಲಿಖಿತವಾಗಿ ಕೊಡಬೇಕು. ಪೊಟ್ಟಣದ ಮೇಲೆ ಬೆಳೆದವನ ಗುರುತಿನ ಸಂಖ್ಯೆ ಹಾಕಿದರೆ ದೂರು ಬಂದಾಗ ಮೂಲ ಪತ್ತೆ ಹಚ್ಚುವುದು ಸುಲಭ.

ವಿಸ್ತರಣಾ ಕಾರ್ಯಕರ್ತರು ಈ ದಿಸೆಯಲ್ಲಿ ನೆರವಾಗಬಹುದು. ತಮ್ಮ ವ್ಯಾಪ್ತಿಯ ಎರಡು ಮೂರು ಗುಂಪುಗಳನ್ನು ಆರಿಸಿ, ಚಿತ್ರ ತೆಗೆಯುವುದು, ಬೆಲೆಯ ಲೆಕ್ಕ, ಪೊಟ್ಟಣದ ನಿಯಮ, ಹಣದ ವ್ಯವಹಾರದ ಎಚ್ಚರ ಈ ನಾಲ್ಕನ್ನು ಒಂದು ಹಂಗಾಮಿನ ಉದ್ದಕ್ಕೂ ಜೊತೆಯಲ್ಲಿದ್ದು ಕಲಿಸಿದರೆ ಒಂದು ದಿನದ ತರಬೇತಿಗಿಂತ ಹೆಚ್ಚು ಪ್ರಯೋಜನವಾದೀತು.

ರೈತ ಬಾಂಧವರು ಮೊದಲ ವರ್ಷ ತಮ್ಮ ಫಸಲಿನ ಹತ್ತನೇ ಒಂದು ಪಾಲನ್ನು ಮಾತ್ರ ಈ ರೀತಿ ಮಾರಿ ನೋಡಲಿ. ಉಳಿದದ್ದು ಎಂದಿನಂತೆ ಮಂಡಿಗೆ ಹೋಗಲಿ. ಒಂದು ಸಲ ಕೊಂಡವರಲ್ಲಿ ಎಷ್ಟು ಮಂದಿ ಎರಡನೇ ಸಲ ಕೇಳಿದರು ಎಂಬುದನ್ನು ಎಣಿಸಲಿ. ಅರ್ಧದಷ್ಟಾದರೂ ತಿರುಗಿ ಬಂದರೆ ಹೆಸರು ಬೇರು ಬಿಟ್ಟಿದೆಯೆಂದು ತಿಳಿದು ಮುಂದಿನ ವರ್ಷ ಪಾಲನ್ನು ಹೆಚ್ಚಿಸಬಹುದು. ಬಾರದಿದ್ದರೆ ದೋಷ ಸರಕಿನಲ್ಲಿದೆಯೋ, ಬೆಲೆಯಲ್ಲಿದೆಯೋ, ಸಾಗಣೆಯಲ್ಲಿದೆಯೋ ಎಂದು ಬಾರದವರನ್ನೇ ಕೇಳಿ ತಿಳಿದು, ಅದನ್ನು ಸರಿಪಡಿಸಿಕೊಂಡೇ ಮುಂದೆ ಹೆಜ್ಜೆ ಇಡಬೇಕು.